ಮೊದಲ ಸಲ ಚೀನಾ ಗ್ರೂಪ್ ಟೂರ್: ಬೀಜಿಂಗೋ, ಶಾಂಘೈಯೋ, ಶಿಯಾನೋ?

ಹೋದ ತಿಂಗಳು ಅಕ್ಕನ ಮನೆಗೆ ಹೋಗಿದ್ದಾಗ ಊಟದ ಮೇಜಿನ ಮೇಲೆ ಮೂರು ಕೊಟೇಶನ್ ಹರಡಿದ್ದವು. ಒಂದು ಬೀಜಿಂಗ್–ಶಾಂಘೈ, 7 ದಿನ. ಇನ್ನೊಂದು ಬೀಜಿಂಗ್–ಶಿಯಾನ್–ಶಾಂಘೈ, 9 ದಿನ. ಮೂರನೆಯದು ಗುವಾಂಗ್‌ಝೌ–ಶೆಂಝೆನ್–ಹಾಂಕಾಂಗ್, 6 ದಿನ, ಮೂರರಲ್ಲೂ ಅಗ್ಗ. ಮೂರರ ಮುಖಪುಟದಲ್ಲೂ ಚೀನಾ ಮಹಾಗೋಡೆಯ ಫೋಟೋ. ತಮಾಷೆ ಏನೆಂದರೆ, ಮೂರನೆಯ ಟೂರ್ ಮಹಾಗೋಡೆಯ ಕಡೆಗೆ ತಲೆ ಕೂಡ ಹಾಕುವುದಿಲ್ಲ. ಗುವಾಂಗ್‌ಝೌನಿಂದ ಬೀಜಿಂಗ್ ಸುಮಾರು 2,000 ಕಿಲೋಮೀಟರ್ ದೂರ.

"ನೀನು ಎರಡು ಸಲ ಹೋಗಿ ಬಂದಿದ್ದೀಯಲ್ಲ, ಯಾವುದು ಒಳ್ಳೇದು ಹೇಳು" ಅಂದಳು ಅಕ್ಕ. ಇದೇ ಪ್ರಶ್ನೆಯನ್ನು ಈಗ ಬಹಳ ಜನ ಕೇಳುತ್ತಿದ್ದಾರೆ. 2020ರಲ್ಲಿ ನಿಂತುಹೋಗಿದ್ದ ಭಾರತ–ಚೀನಾ ನೇರ ವಿಮಾನಗಳು 2025ರ ಅಕ್ಟೋಬರ್‌ನಿಂದ ಮತ್ತೆ ಹಾರುತ್ತಿವೆ. ಟೂರ್ ಕಂಪನಿಗಳೂ ಚೀನಾವನ್ನು ಮತ್ತೆ ಹೊರತೆಗೆದಿವೆ. ಆದರೆ ನಮ್ಮ ಕಡೆಯಿಂದ ಹೊರಡುವ ಗುಂಪುಗಳು ಹೆಚ್ಚಾಗಿ ಸಿಂಗಾಪುರ, ಕೌಲಾಲಂಪುರ, ಬ್ಯಾಂಕಾಕ್ ಅಥವಾ ಹಾಂಕಾಂಗ್ ಮೇಲೆ ಸುತ್ತಿಕೊಂಡೇ ಹೋಗುತ್ತವೆ.

ಯಾವುದು ಒಳ್ಳೆಯದು ಎಂದು ನಾನು ಅಕ್ಕನಿಗೆ ಹೇಳಲಿಲ್ಲ. ಯಾರ್‍ಯಾರು ಹೋಗ್ತಿದ್ದೀರಿ ಎಂದು ಕೇಳಿದೆ.

ಮೊದಲು ಅಳತೆ, ಆಮೇಲೆ ಊರು

ನಾನು ನೋಡುವುದು ಐದು ವಿಷಯ. ಮೊದಲನೆಯದು ಮಂಡಿ. ಚೀನಾ ಟೂರ್ ಅಂದರೆ ನಡಿಗೆ. ಬಸ್ಸು ಬಾಗಿಲಿಗೆ ಬಿಡುವುದಿಲ್ಲ. ಪಾರ್ಕಿಂಗ್‌ನಿಂದ ಗೇಟಿಗೆ, ಗೇಟಿನಿಂದ ಸೆಕ್ಯುರಿಟಿಗೆ, ಅಲ್ಲಿಂದ ಒಳಕ್ಕೆ ಎಂದು ಹೋಗುತ್ತಲೇ ಇರಬೇಕು. ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ನಡೆಯಬಲ್ಲವರು ಯಾರೋ, ಅವರ ಮಂಡಿಯೇ ನಿಮ್ಮ ಅಳತೆ.

ಎರಡನೆಯದು ಹೊಟ್ಟೆ. ಶುದ್ಧ ಸಸ್ಯಾಹಾರಿಗಳು ಎಷ್ಟು ಜನ, ಮೊಟ್ಟೆ ತಿನ್ನುವವರು ಎಷ್ಟು, ಎಲ್ಲ ತಿನ್ನುವವರು ಎಷ್ಟು ಎಂದು ಎಣಿಸಿಕೊಳ್ಳಿ.

ಮೂರನೆಯದು ತಿಂಗಳು. ನಾಲ್ಕನೆಯದು ನಿಜವಾಗಿ ಏನು ನೋಡಬೇಕು ಎನ್ನುವುದು. ಹಳೆಯ ಚೀನಾವೋ, ಹೊಸ ಚೀನಾವೋ? ಎರಡೂ ಬೇಕು ಅಂತ ಎಲ್ಲರೂ ಹೇಳುತ್ತಾರೆ. ಒಂದನ್ನೇ ಆರಿಸಿ ಎಂದು ಹಟ ಹಿಡಿದು ಕೇಳಿ, ಆಗ ಉತ್ತರ ಬರುತ್ತದೆ.

ಐದನೆಯದು ನೆಲದ ಮೇಲೆ ಸಿಗುವ ದಿನಗಳು. 7 ದಿನದ ಟೂರ್ ಅಂದರೆ 7 ದಿನ ಅಲ್ಲ. ಹೋಗುವ ದಿನ, ಬರುವ ದಿನ ಕಳೆಯಿರಿ. ಒಂದು ಊರಿನಿಂದ ಇನ್ನೊಂದಕ್ಕೆ ಹೋಗಲು ಅರ್ಧ ದಿನ ಕಳೆಯಿರಿ. ಕೈಯಲ್ಲಿ ಉಳಿಯುವುದು ನಾಲ್ಕೂವರೆ. ಈ ಲೆಕ್ಕ ಮಾಡದೆ "ಅವರು ಮೂರು ಊರು ತೋರಿಸ್ತಾರೆ, ಇವರು ಎರಡೇ" ಅಂತ ಹೋಲಿಸುವುದರಲ್ಲಿ ಅರ್ಥವಿಲ್ಲ.

ದುಡ್ಡನ್ನು ಬೇಕೆಂದೇ ಈ ಐದರಲ್ಲಿ ಸೇರಿಸಿಲ್ಲ. ಕೊಟೇಶನ್‌ನಲ್ಲಿ ಬರೆದ ಮೊತ್ತವೇ ಬೇರೆ, ಕೊನೆಗೆ ಕೈಬಿಡುವ ಮೊತ್ತವೇ ಬೇರೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಬೀಜಿಂಗ್: ನೋಡಲು ಜಾಸ್ತಿ, ನಡೆಯಲೂ ಜಾಸ್ತಿ

"ಚೀನಾಕ್ಕೆ ಹೋಗಿ ಮಹಾಗೋಡೆ ನೋಡಲಿಲ್ವಾ?" ಎಂದು ಊರಿಗೆ ಬಂದ ಮೇಲೆ ನೆಂಟರು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ಹೆದರುವವರಿಗೆ ಬೀಜಿಂಗ್ ಬಿಟ್ಟರೆ ಬೇರೆ ದಾರಿ ಇಲ್ಲ. ತಮಾಷೆಗೆ ಹೇಳುತ್ತಿಲ್ಲ. ಮತ್ತೆ ಚೀನಾಕ್ಕೆ ಹೋಗುವ ಸಾಧ್ಯತೆ ಕಡಿಮೆ ಎನ್ನುವವರಿಗೆ ನನ್ನ ಮೊದಲ ಉತ್ತರ ಬೀಜಿಂಗೇ.

ಫರ್ಬಿಡನ್ ಸಿಟಿಯಿಂದ ಶುರು ಮಾಡೋಣ. 1406ರಲ್ಲಿ ಕಟ್ಟಲು ಶುರು ಮಾಡಿ 1420ರಲ್ಲಿ ಮುಗಿಸಿದ ಅರಮನೆ ಇದು. ಮಿಂಗ್ ಮತ್ತು ಚಿಂಗ್ ವಂಶದ 24 ಚಕ್ರವರ್ತಿಗಳು ಇಲ್ಲಿದ್ದರು. ದಕ್ಷಿಣದ ಬಾಗಿಲಿನಿಂದ ಒಳಗೆ ಹೋದರೆ ಉತ್ತರದ ಬಾಗಿಲಿನಿಂದ ಹೊರಗೆ ಬರಬೇಕು. ನೇರವಾಗಿ ನಡೆದರೇ ಸುಮಾರು ಒಂದು ಕಿಲೋಮೀಟರ್. ಆದರೆ ನೇರವಾಗಿ ಯಾರೂ ನಡೆಯುವುದಿಲ್ಲ. ಎದುರಿನ ತಿಯಾನನ್‌ಮೆನ್ ಚೌಕವನ್ನೂ ಸೇರಿಸಿದರೆ ಅರ್ಧ ದಿನಕ್ಕೆ ಐದಾರು ಕಿಲೋಮೀಟರ್ ಕಾಲ ಕೆಳಗೆ ಹೋಗಿರುತ್ತದೆ. ಎಲ್ಲ ಕಲ್ಲು ನೆಲ. ನಡುವಿನ ಅಂಗಳಗಳಲ್ಲಿ ನೆರಳಿಗೆ ಒಂದು ಮರವೂ ಇಲ್ಲ.

ನನ್ನ ಅಮ್ಮನಿಗೆ ಅಲ್ಲಿ ಕಷ್ಟವಾಗಿದ್ದು ದೂರ ಅಲ್ಲ, ಹೊಸ್ತಿಲು. ಪ್ರತಿ ಬಾಗಿಲಿಗೂ ಮೊಣಕಾಲಿನ ಹತ್ತಿರ ಬರುವ ಎತ್ತರದ ಮರದ ಹೊಸ್ತಿಲು. ಅಮ್ಮ ಒಂದರ ಮೇಲೆ ಕಾಲಿಟ್ಟು ಏರಲು ಹೋದರು. ಗೈಡ್ ಹುಡುಗಿ ಓಡಿ ಬಂದು, ಹೊಸ್ತಿಲು ತುಳಿಯಬಾರದು, ದಾಟಬೇಕು ಎಂದು ಕೈಸನ್ನೆ ಮಾಡಿದಳು. ಅಮ್ಮ ನಾಚಿಕೊಂಡರು. "ಅಯ್ಯೋ, ನಮ್ಮಲ್ಲೂ ಅಷ್ಟೇ ಕಣಮ್ಮ, ಮಂಡಿ ನೋವಲ್ಲಿ ಮರೆತೆ" ಎಂದು ಅವಳಿಗೆ ಕನ್ನಡದಲ್ಲೇ ಹೇಳಿದರು. ಅವಳಿಗೆ ಏನು ಅರ್ಥವಾಯಿತೋ, ಮುಂದಿನ ಎಲ್ಲ ಹೊಸ್ತಿಲುಗಳಲ್ಲೂ ಅಮ್ಮನ ಕೈ ಹಿಡಿದು ದಾಟಿಸಿದಳು.

ಇನ್ನೊಂದು ಮುಖ್ಯ ವಿಷಯ. ರಜೆಯ ದಿನಗಳನ್ನು ಬಿಟ್ಟರೆ ಸೋಮವಾರ ಫರ್ಬಿಡನ್ ಸಿಟಿ ಮುಚ್ಚಿರುತ್ತದೆ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಪಾಸ್‌ಪೋರ್ಟ್ ನಂಬರ್ ಕೊಟ್ಟು ಮುಂಚೆಯೇ ಬುಕ್ ಮಾಡಬೇಕು. ಟಿಕೆಟ್ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ 60 ಯುವಾನ್. ಒಂದು ಯುವಾನ್‌ಗೆ 12–13 ರೂಪಾಯಿ ಎಂದು ಹಿಡಿದರೆ ದೊಡ್ಡ ಮೊತ್ತವೇನಲ್ಲ. ಸಮಸ್ಯೆ ದುಡ್ಡಿನದಲ್ಲ, ಸೀಟಿನದು. ಗುಂಪಿನಲ್ಲಿ ಹೋಗುವುದರ ನಿಜವಾದ ಲಾಭ ಇಲ್ಲೇ ಸಿಗುವುದು. ಬುಕಿಂಗ್ ತಲೆನೋವು ಅವರದು. ಆದರೆ ನಿಮ್ಮ ಬೀಜಿಂಗ್ ದಿನಗಳು ಭಾನುವಾರ ರಾತ್ರಿಯಿಂದ ಮಂಗಳವಾರ ಬೆಳಿಗ್ಗೆವರೆಗೆ ಬಿದ್ದರೆ ಅರಮನೆ ಹೊರಗಿನಿಂದಲೇ.

ಮಹಾಗೋಡೆಗೆ ಬರೋಣ. ಗೋಡೆ ಒಂದೇ ಆದರೂ ಹತ್ತುವ ಜಾಗಗಳು ಬೇರೆ ಬೇರೆ. ಗುಂಪುಗಳನ್ನು ಸಾಮಾನ್ಯವಾಗಿ ಬಾದಾಲಿಂಗ್, ಜುಯೊಂಗ್‌ಗುವಾನ್ ಅಥವಾ ಮುಟಿಯಾನ್ಯುಗೆ ಕರೆದೊಯ್ಯುತ್ತಾರೆ. ಬಾದಾಲಿಂಗ್‌ಗೆ ದಾರಿ ಸುಲಭ, ಕೇಬಲ್ ಕಾರ್ ಇದೆ, ಜನ ಮಾತ್ರ ಜಾತ್ರೆ. ಜುಯೊಂಗ್‌ಗುವಾನ್ ಊರಿಗೆ ಹತ್ತಿರ, ಆದ್ದರಿಂದ ಟೂರ್ ಕಂಪನಿಗಳಿಗೆ ಇಷ್ಟ. ಆದರೆ ಅಲ್ಲಿ ಮೆಟ್ಟಿಲು ತುಂಬಾ ಕಡಿದು, ಮಂಡಿ ನೋವಿದ್ದವರು ಕೆಳಗೇ ಕೂತು ಕಾಯಬೇಕಾಗುತ್ತದೆ. ಮುಟಿಯಾನ್ಯು ಊರಿನಿಂದ 70 ಕಿಲೋಮೀಟರ್ ಆಸುಪಾಸು. ಕೇಬಲ್ ಕಾರ್‌ನಲ್ಲಿ ಹತ್ತಿ, ಇಳಿಯುವಾಗ ಜಾರುಬಂಡಿಯಲ್ಲಿ ಜಾರಿಕೊಂಡು ಬರಬಹುದು. ಮಕ್ಕಳು ಗೋಡೆಯನ್ನು ಮರೆತರೂ ಈ ಜಾರುಬಂಡಿಯನ್ನು ಮರೆಯುವುದಿಲ್ಲ. ನನ್ನ ಆಯ್ಕೆ ಕಣ್ಣು ಮುಚ್ಚಿಕೊಂಡು ಮುಟಿಯಾನ್ಯು. ಕೊಟೇಶನ್‌ನಲ್ಲಿ ಬರೀ "ಮಹಾಗೋಡೆ" ಎಂದು ಬರೆದಿದ್ದರೆ ಯಾವ ಭಾಗ, ಕೇಬಲ್ ಕಾರ್ ಸೇರಿದೆಯಾ ಎಂದು ಬರಹದಲ್ಲಿ ಕೇಳಿ. ಬಾಯಿಮಾತು ಬೇಡ.

ಹವಾಮಾನ ಬೀಜಿಂಗ್‌ನ ಇನ್ನೊಂದು ಕಷ್ಟ. ಡಿಸೆಂಬರ್–ಜನವರಿಯಲ್ಲಿ ಸೊನ್ನೆಗಿಂತ ಕೆಳಗೆ, ಒಣ ಗಾಳಿ ಬೇರೆ. ಜುಲೈ–ಆಗಸ್ಟ್‌ನಲ್ಲಿ ಸೆಕೆ, ಮಳೆ ಎರಡೂ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ಮಧ್ಯದ ನಂತರದ ದಿನಗಳು ಚೆನ್ನ. ನಡುವೆ ಅಕ್ಟೋಬರ್ 1ರಿಂದ ಒಂದು ವಾರ ಅವರ ರಾಷ್ಟ್ರೀಯ ರಜೆ. ಆ ವಾರ ದೇಶಕ್ಕೆ ದೇಶವೇ ಟೂರ್ ಹೊರಟಿರುತ್ತದೆ. ನಮ್ಮ ದಸರಾ ರಜೆಯೂ ಆಗಾಗ ಅದೇ ಹೊತ್ತಿಗೆ ಬರುವುದರಿಂದ ನಮ್ಮವರು ಸರಿಯಾಗಿ ಅಲ್ಲೇ ಹೋಗಿ ಸಿಕ್ಕಿಬೀಳುತ್ತಾರೆ. ಮಕ್ಕಳ ಶಾಲೆಗೆ ನಾಲ್ಕು ದಿನ ರಜೆ ಹಾಕಿದರೂ ಪರವಾಗಿಲ್ಲ, ಆ ವಾರ ಬೇಡ.

ಶಾಂಘೈ: ಕಾಲಿಗೆ ಹಗುರ, ಕಣ್ಣಿಗೆ ಹಬ್ಬ

ಶಾಂಘೈಯಲ್ಲಿ "ಇದನ್ನು ನೋಡದೆ ಬರಬಾರದು" ಎನ್ನುವಂಥ ಸ್ಮಾರಕ ಒಂದೂ ಇಲ್ಲ. ಅದೇ ಅದರ ಗುಣವೂ ಹೌದು. ಊರೇ ನೋಡುವ ವಸ್ತು. ಹುವಾಂಗ್‌ಪು ನದಿಯ ಒಂದು ದಡದಲ್ಲಿ ಬಂಡ್, ಅಂದರೆ ಬ್ರಿಟಿಷರು ಮತ್ತಿತರರು ನೂರು ವರ್ಷದ ಹಿಂದೆ ಕಟ್ಟಿದ ಬ್ಯಾಂಕು, ಹೋಟೆಲುಗಳ ಸಾಲು. ಎದುರು ದಡದಲ್ಲಿ ಪುಡಾಂಗ್‌ನ ಗಗನಚುಂಬಿಗಳು. 1990ಕ್ಕೆ ಮುಂಚೆ ಅಲ್ಲಿ ಹೆಚ್ಚಿನ ಭಾಗ ಹೊಲ, ಗೋದಾಮು. ಈಗ 632 ಮೀಟರ್ ಎತ್ತರದ, 128 ಮಹಡಿಯ ಶಾಂಘೈ ಟವರ್ ನಿಂತಿದೆ. ಸಂಜೆ ದೀಪ ಹತ್ತಿದಾಗ ನದಿಯ ಪಕ್ಕ ಒಂದು ಗಂಟೆ ನಿಂತರೆ ಸಾಕು, ಬಂದದ್ದು ಸಾರ್ಥಕ. ದೀಪಗಳು ರಾತ್ರಿ ಹತ್ತರ ಹೊತ್ತಿಗೆ ಆರುತ್ತವೆ. ಊಟ ಮುಗಿಸಿ ನಿಧಾನಕ್ಕೆ ಹೋಗೋಣ ಎಂದರೆ ಕತ್ತಲು ನೋಡಿಕೊಂಡು ಬರಬೇಕು.

ನಡಿಗೆ ಇಲ್ಲೂ ಇದೆ. ಆದರೆ ಸಮತಟ್ಟು. ಬೇಕೆನಿಸಿದಲ್ಲಿ ಕೂರಬಹುದು, ಮೆಟ್ರೋದಲ್ಲಿ ಲಿಫ್ಟ್ ಇದೆ, ಸುಸ್ತಾದವರು ಟ್ಯಾಕ್ಸಿಯಲ್ಲಿ ಹೋಟೆಲಿಗೆ ವಾಪಸ್ ಹೋದರೂ ಏನೂ ಕಳೆದುಕೊಂಡಂತಲ್ಲ. ಬೀಜಿಂಗ್‌ನಲ್ಲಿ ಅರಮನೆಯ ನಟ್ಟ ನಡುವೆ ಸುಸ್ತಾದರೆ ಹಿಂದಕ್ಕೂ ಅಷ್ಟೇ ದೂರ, ಮುಂದಕ್ಕೂ ಅಷ್ಟೇ ದೂರ! ಅತ್ತೆ ಮಾವನನ್ನು, ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನಾನು ಶಾಂಘೈ ಹೇಳುವುದು ಇದಕ್ಕೇ.

ಕಡಿಮೆ ಖರ್ಚಿನವರಿಗೂ ಇದು ಒಳ್ಳೆಯ ಊರು. ಟೂರ್‌ನಲ್ಲಿ "ಹುವಾಂಗ್‌ಪು ಕ್ರೂಸ್" ಎಂದು ಆಪ್ಷನಲ್ ಹಾಕಿ ಒಳ್ಳೆಯ ದುಡ್ಡು ಕೇಳುತ್ತಾರೆ. ಊರಿನ ಜನ ಕೆಲಸಕ್ಕೆ ಹೋಗಿ ಬರುವ ಫೆರ್ರಿಯಲ್ಲಿ ಅದೇ ನದಿಯನ್ನು 2 ಯುವಾನ್‌ಗೆ ದಾಟಬಹುದು. ಸ್ಕೂಟರ್ ಹಿಡಿದು ನಿಂತ ಜನರ ನಡುವೆ, ಅದೇ ಗಾಳಿ, ಅದೇ ದೀಪ. ಐದಾರು ನಿಮಿಷ ಅಷ್ಟೇ ಎನ್ನುವುದೂ ನಿಜ. ಕ್ರೂಸ್‌ನಲ್ಲಿ ಮುಕ್ಕಾಲು ಗಂಟೆ ಆರಾಮಾಗಿ ಕೂರಬಹುದು. ಅಪ್ಪ ಅಮ್ಮ ಜೊತೆಗಿದ್ದರೆ ಕ್ರೂಸ್, ಸ್ನೇಹಿತರ ಜೊತೆ ಫೆರ್ರಿ. ಪುಡಾಂಗ್ ವಿಮಾನ ನಿಲ್ದಾಣದಿಂದ ಹೊರಡುವ, ಅಯಸ್ಕಾಂತದ ಬಲದಿಂದ ತೇಲಿ ಓಡುವ ಮ್ಯಾಗ್ಲೆವ್ ರೈಲಿಗೂ ಇದೇ ಮಾತು. 30 ಕಿಲೋಮೀಟರ್, ಸುಮಾರು ಎಂಟು ನಿಮಿಷ, 50 ಯುವಾನ್. ಹಿಂದೆ ಗಂಟೆಗೆ 431 ಕಿಲೋಮೀಟರ್ ಓಡುತ್ತಿದ್ದದ್ದು ಈಗ 300ಕ್ಕೆ ಇಳಿದಿದೆ. ಅಷ್ಟೇ ವೇಗವನ್ನು ಊರೂರಿಗೆ ಹೋಗುವ ಮಾಮೂಲಿ ಹೈಸ್ಪೀಡ್ ರೈಲಿನಲ್ಲೂ ನೋಡುತ್ತೀರಿ, ಹಾಗಾಗಿ ಇದನ್ನು ಬಿಟ್ಟರೆ ನಷ್ಟವಿಲ್ಲ.

ಹಳೆಯದು ಏನೂ ಇಲ್ವಾ ಎಂದರೆ, ಮಿಂಗ್ ಕಾಲದ ಯು ಗಾರ್ಡನ್ ಇದೆ. ಸುತ್ತಲಿನ ಬಜಾರು ಅಂಗಡಿ ಸಾಲೇ ಜಾಸ್ತಿ, ತೋಟ ಮಾತ್ರ ಚೆಂದ. ಹಳೆಯದು ನಿಜವಾಗಿ ಬೇಕಾದರೆ ಸುಝೌ ಸೇರಿರುವ ಟೂರ್ ನೋಡಿ. ರೈಲಿನಲ್ಲಿ ಅರ್ಧ ಗಂಟೆ. ಅಲ್ಲಿನ ತೋಟಗಳು ಯುನೆಸ್ಕೋ ಪಟ್ಟಿಯಲ್ಲಿವೆ. ಒಂದು ಎಚ್ಚರಿಕೆ: ಜೂನ್ ಮಧ್ಯದಿಂದ ಜುಲೈ ಆರಂಭದವರೆಗೆ ಶಾಂಘೈಯಲ್ಲಿ ಬಿಡದೆ ಮಳೆ. ಬಟ್ಟೆ ಒಣಗುವುದಿಲ್ಲ. ಮಲೆನಾಡಿನವರಿಗೆ ಏನೂ ಅನ್ನಿಸದಿರಬಹುದು.

ಯುವಕರು ಬಂದು ಸ್ನೇಹದಿಂದ ಇಂಗ್ಲಿಷ್‌ನಲ್ಲಿ ಮಾತಾಡಿ, "ಟೀ ಕುಡಿಯೋಣ ಬನ್ನಿ" ಎಂದರೆ ನಕ್ಕು ಮುಂದೆ ಹೋಗಿ. ಆ ಟೀಗೆ ಬರುವ ಬಿಲ್ಲು ನೋಡಿದರೆ ನಾಲಿಗೆ ಸುಡುತ್ತದೆ. ಬೀಜಿಂಗ್‌ನಲ್ಲೂ ಈ ಆಟ ಇದೆ.

ಶಿಯಾನ್: ಒಬ್ಬನೇ ಚಕ್ರವರ್ತಿ, ಸಾವಿರಾರು ಸೈನಿಕರು

ಶಿಯಾನ್ ನನ್ನ ಮೆಚ್ಚಿನ ಊರು. ಆದ್ದರಿಂದ ಇಲ್ಲಿ ನನ್ನ ಮಾತನ್ನು ಸ್ವಲ್ಪ ಕಳೆದು ತೆಗೆದುಕೊಳ್ಳಿ.

1974ರಲ್ಲಿ ಬಾವಿ ತೋಡುತ್ತಿದ್ದ ರೈತರ ಗುದ್ದಲಿಗೆ ಮಣ್ಣಿನ ಗೊಂಬೆಯ ಚೂರು ಸಿಕ್ಕಿತು. ಅಲ್ಲಿಂದ ಹೊರಬಂದದ್ದು ಕ್ರಿ.ಪೂ. 210ರಲ್ಲಿ ತೀರಿಕೊಂಡ ಚಕ್ರವರ್ತಿ ಚಿನ್ ಶಿ ಹುವಾಂಗ್‌ನ ಸಮಾಧಿ ಕಾಯುವ ಮಣ್ಣಿನ ಸೈನ್ಯ. ಸುಮಾರು 8,000 ಸೈನಿಕರಿದ್ದಾರೆ ಎಂಬ ಅಂದಾಜು. ವಿಮಾನದ ಹ್ಯಾಂಗರ್‌ನಂಥ ದೊಡ್ಡ ಸೂರಿನ ಕೆಳಗೆ ಸಾಲಾಗಿ ನಿಂತಿದ್ದಾರೆ. ಹತ್ತಿರ ನೋಡಿದರೆ ಒಬ್ಬನ ಮುಖ ಇನ್ನೊಬ್ಬನಿಗಿಲ್ಲ. ಒಬ್ಬನ ಮೀಸೆ ತಿರುವಿದೆ, ಇನ್ನೊಬ್ಬನಿಗೆ ಸ್ವಲ್ಪ ಬೊಜ್ಜು. ಜಾಗ ಊರಿನಿಂದ 40 ಕಿಲೋಮೀಟರ್ ಆಚೆ. ಅರ್ಧ ದಿನ ಅದಕ್ಕೇ ಬೇಕು.

ಕನ್ನಡದವರಿಗೆ ಇಲ್ಲಿ ಇನ್ನೊಂದು ನಂಟಿದೆ. ಶಾಲೆಯಲ್ಲಿ ಓದಿದ ಹ್ಯುಯೆನ್ ತ್ಸಾಂಗ್ ನೆನಪಿದ್ದಾನಾ? ಇಮ್ಮಡಿ ಪುಲಕೇಶಿಯ ರಾಜ್ಯಕ್ಕೆ ಬಂದು, ಹರ್ಷನಿಗೂ ಸೋಲದ ರಾಜ ಎಂದು ಬರೆದವನು. ಯುದ್ಧಕ್ಕೆ ಮುಂಚೆ ಆನೆಗಳಿಗೆ ಹೆಂಡ ಕುಡಿಸುತ್ತಾರೆ ಎಂದು ಬರೆದವನೂ ಅವನೇ. ಅವನು ಭಾರತದಿಂದ 645ರಲ್ಲಿ ವಾಪಸ್ ಬಂದದ್ದು ಇದೇ ಊರಿಗೆ, ಆಗಿನ ಹೆಸರು ಚಾಂಗಾನ್. ಹೊತ್ತು ತಂದ ಗ್ರಂಥಗಳನ್ನು ಇಡಲು 652ರಲ್ಲಿ ಕಟ್ಟಿದ ದೊಡ್ಡ ಕಾಡುಬಾತು ಪಗೋಡ ಇವತ್ತಿಗೂ ನಿಂತಿದೆ. ಎಷ್ಟೋ ಟೂರ್‌ಗಳಲ್ಲಿ ಇದು ಬಸ್ಸಿನ ಕಿಟಕಿಯಿಂದ ತೋರಿಸುವ ಜಾಗ. ಬಾದಾಮಿ ನೋಡಿದವರು ಇಳಿದೇ ನೋಡಬೇಕು ಅಂತ ನನ್ನ ಅನಿಸಿಕೆ.

ಊರಿನ ಸುತ್ತ ಸುಮಾರು 14 ಕಿಲೋಮೀಟರಿನ ಕೋಟೆ ಗೋಡೆ. ಮೇಲೆ ಬಾಡಿಗೆ ಸೈಕಲ್ ಸಿಗುತ್ತದೆ. ಮಹಾಗೋಡೆ ಹತ್ತಲಾಗದವರಿಗೆ ಇದು ಒಳ್ಳೆಯ ಸಮಾಧಾನ.

ಕಷ್ಟ ಒಂದೇ. ಶಿಯಾನ್ ಸೇರಿಸಿದರೆ ಎರಡು ರಾತ್ರಿಯಾದರೂ ಬೇಕು. ಬೀಜಿಂಗ್‌ನಿಂದ ರೈಲಿನಲ್ಲಿ ಸುಮಾರು ನಾಲ್ಕರಿಂದ ಆರು ಗಂಟೆ. 7 ದಿನದಲ್ಲಿ ಮೂರು ಊರು ಎಂದು ಯಾರಾದರೂ ಹೇಳಿದರೆ ನೀವು ನೋಡುವುದು ಸೂಟ್‌ಕೇಸ್. 9 ದಿನ ಇದ್ದರೆ ಮಾತ್ರ ಶಿಯಾನ್.

ಗುವಾಂಗ್‌ಝೌ, ಚೆಂಗ್ಡು: ಇವು ಯಾರಿಗೆ?

ವ್ಯಾಪಾರದ ಕೆಲಸ ಇದ್ದರೆ ಗುವಾಂಗ್‌ಝೌ ಸರಿ. 1957ರಿಂದ ನಡೆಯುತ್ತಿರುವ ಕ್ಯಾಂಟನ್ ಫೇರ್ ಎಂಬ ದೊಡ್ಡ ವ್ಯಾಪಾರ ಮೇಳ ಅಲ್ಲೇ, ವರ್ಷಕ್ಕೆ ಎರಡು ಸಲ, ಏಪ್ರಿಲ್ ಮಧ್ಯದಿಂದ ಮತ್ತು ಅಕ್ಟೋಬರ್ ಮಧ್ಯದಿಂದ. ಫೇರ್‌ಗೆ ಹೋಗದವರು ಆ ವಾರಗಳಲ್ಲಿ ಹೋಗಬೇಡಿ, ಹೋಟೆಲ್ ದರ ಮುಗಿಲಿಗೆ ಏರಿರುತ್ತದೆ. ಭಾರತದ ವ್ಯಾಪಾರಿಗಳು ಬಂದು ಹೋಗುವುದರಿಂದ ನಮ್ಮ ಊಟದ ಹೋಟೆಲುಗಳು ಸಿಗುತ್ತವೆ. ಬರೀ ನೋಡಲು ಎಂದರೆ ಮೊದಲ ಚೀನಾ ಟೂರ್‌ಗೆ ಇದು ಸಪ್ಪೆ. ಹಾಂಕಾಂಗ್ ಸೇರಿದ ಪ್ಯಾಕೇಜ್ ಆದರೆ ಒಂದು ಗಂಟು ಇದೆ. ಹಾಂಕಾಂಗ್‌ಗೆ ಹೋದರೆ ಚೀನಾದಿಂದ ಹೊರಗೆ ಹೋದ ಲೆಕ್ಕ. ಮತ್ತೆ ಗುವಾಂಗ್‌ಝೌಗೆ ಬರಬೇಕಾದರೆ ಎರಡು ಸಲ ಪ್ರವೇಶವಿರುವ ವೀಸಾ ಬೇಕು. ಹಾಂಕಾಂಗ್‌ಗೆ ಬೇರೆಯೇ ಆನ್‌ಲೈನ್ ನೋಂದಣಿ ಬೇಕು.

ಚೆಂಗ್ಡು ಅಂದರೆ ಪಾಂಡಾ. ಬೆಳಿಗ್ಗೆ ಬೇಗ ಹೋದರೆ ಬಿದಿರು ಮೆಲ್ಲುತ್ತಿರುತ್ತವೆ, ಮಧ್ಯಾಹ್ನ ಹೋದರೆ ಮಲಗಿರುತ್ತವೆ. ಹತ್ತಿರದ ಲೆಶಾನ್‌ನಲ್ಲಿ ಬಂಡೆಯಲ್ಲಿ ಕೊರೆದ 71 ಮೀಟರ್ ಬುದ್ಧ. ಎರಡನೆಯ ಟ್ರಿಪ್ಪಿಗೆ ಇಟ್ಟುಕೊಳ್ಳಿ.

ಹೊಟ್ಟೆಯ ವಿಷಯ

ಗ್ರೂಪ್ ಟೂರ್‌ನಲ್ಲಿ "ಇಂಡಿಯನ್ ಡಿನ್ನರ್" ಇರುತ್ತದೆ. ಅಂದರೆ ಪನೀರ್, ದಾಲ್, ನಾನ್, ಮತ್ತೆ ಮರುದಿನ ಪನೀರ್, ದಾಲ್, ನಾನ್. ಬೀಜಿಂಗ್, ಶಾಂಘೈ ಎರಡರಲ್ಲೂ ಇದಕ್ಕೆ ಕೊರತೆ ಇಲ್ಲ. ಶಿಯಾನ್‌ನಲ್ಲಿ ಕಡಿಮೆ. ಸಮಸ್ಯೆ ಮಧ್ಯಾಹ್ನದ ಊಟದ್ದು.

ಚೀನೀ ಅಡುಗೆಯಲ್ಲಿ ತರಕಾರಿ ಧಾರಾಳ. ಆದರೆ ತರಕಾರಿ ಪಲ್ಯಕ್ಕೆ ಹಂದಿ ಕೊಬ್ಬು, ಸಿಂಪಿ ಮೀನಿನ ಸಾಸ್, ಕೋಳಿ ಸಾರು ಬಿದ್ದಿರಬಹುದು. "ಮಾಂಸ ಬೇಡ" ಎಂದರೆ ತುಂಡು ಹಾಕುವುದಿಲ್ಲ, ಸಾರು ಹಾಕುತ್ತಾರೆ. ಸುಮ್ನೆ ಉಚ್ಚಾರಣೆ ಕಲಿಯಲು ಹೋಗಬೇಡಿ. ಏನೇನು ತಿನ್ನುವುದಿಲ್ಲ ಎಂದು ಗೈಡ್ ಕೈಯಲ್ಲಿ ಚೀನೀ ಅಕ್ಷರದಲ್ಲಿ ಬರೆಸಿ ಫೋಟೋ ತೆಗೆದಿಟ್ಟುಕೊಳ್ಳಿ, ಅದನ್ನೇ ತೋರಿಸಿ. ಉತ್ತರದ ಕಡೆ ಆಲೂಗಡ್ಡೆ, ಬದನೆ, ದೊಣ್ಣೆಮೆಣಸಿನಕಾಯಿ ಹುರಿದು ಮಾಡುವ ಡೀ ಸಾನ್ ಶ್ಯೆನ್ ಎಂಬ ಪಲ್ಯವಿದೆ, ಅನ್ನದ ಜೊತೆ ಚೆನ್ನಾಗಿರುತ್ತದೆ. ಬೌದ್ಧ ದೇವಾಲಯಗಳ ಹತ್ತಿರದ ಸಸ್ಯಾಹಾರಿ ಹೋಟೆಲುಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ಮಡಿವಂತರಿಗೆ ಚೀನಾದಲ್ಲಿ ಇಂಥ ಜಾಗ ಸಿಗುತ್ತದೆ ಎಂದು ಯಾರಿಗೂ ನಂಬಿಕೆ ಬರುವುದಿಲ್ಲ. ಎಲ್ಲ ತಿನ್ನುವವರಿಗೆ ಬೀಜಿಂಗ್‌ನ ಬಾತುಕೋಳಿ ಇದೆ. ಹಂದಿ ತಿನ್ನದವರಿಗೆ ಶಿಯಾನ್‌ನ ಮುಸ್ಲಿಂ ಬೀದಿ ಇದೆ, ಆದರೆ ಅಲ್ಲಿ ಕುರಿಯ ಜೊತೆ ದನದ ಮಾಂಸವೂ ಮಾಮೂಲು, ಕೇಳಿ ತಿನ್ನಿ.

ಇನ್ನೊಂದು ಅನುಕೂಲ, ಬಿಸಿನೀರು. ಚೀನೀಯರು ತಣ್ಣೀರು ಕುಡಿಯುವುದು ಕಡಿಮೆ. ಹೋಟೆಲ್ ರೂಮಿನಲ್ಲಿ ಕೆಟಲ್, ಸ್ಟೇಷನ್ನಿನಲ್ಲಿ ನಲ್ಲಿ, ಹೈಸ್ಪೀಡ್ ರೈಲಿನ ಬೋಗಿಯ ಕೊನೆಯಲ್ಲಿ ಕುದಿನೀರಿನ ನಲ್ಲಿ. ಬೀಜಿಂಗ್‌ನಿಂದ ಶಾಂಘೈಗೆ ಹೋಗುವಾಗ ಅಮ್ಮ ಬ್ಯಾಗಿನಿಂದ ರೆಡಿ ಉಪ್ಪಿಟ್ಟಿನ ಕಪ್ ತೆಗೆದು ನೀರು ಹಾಕಿ ಮುಚ್ಚಿಟ್ಟರು. ಪಕ್ಕದ ಸೀಟಿನ ತಾತ ತನ್ನ ನೂಡಲ್ಸ್ ಡಬ್ಬಕ್ಕೆ ನೀರು ಹಾಕಿ ಮುಚ್ಚಿಟ್ಟ. ಇಬ್ಬರೂ ಗಡಿಯಾರ ನೋಡುತ್ತಾ ಕೂತರು. ಮುಚ್ಚಳ ತೆಗೆದಾಗ ಕರಿಬೇವಿನ ಘಮಕ್ಕೆ ತಾತ ತಿರುಗಿ ನೋಡಿದ. ಹೊರಗೆ ಗಂಟೆಗೆ 350 ಕಿಲೋಮೀಟರ್ ವೇಗದಲ್ಲಿ ಗೋಧಿ ಹೊಲ ಓಡುತ್ತಿತ್ತು.

ರೈಲೋ, ವಿಮಾನವೋ?

ಎರಡು ಊರಿನ ಟೂರ್‌ಗಳಲ್ಲಿ ಇದು ದೊಡ್ಡ ವ್ಯತ್ಯಾಸ. ಬೀಜಿಂಗ್–ಶಾಂಘೈ 1,318 ಕಿಲೋಮೀಟರ್, ವೇಗದ ರೈಲಿಗೆ ಸುಮಾರು ನಾಲ್ಕೂವರೆ ಗಂಟೆ. ವಿಮಾನ ಎರಡು ಗಂಟೆ ಎನ್ನುತ್ತಾರೆ, ನಿಲ್ದಾಣಕ್ಕೆ ಹೋಗಿ ಕಾಯುವುದು ಸೇರಿದರೆ ಅಷ್ಟೇ ಆಗುತ್ತದೆ. ರೈಲಿನಲ್ಲಿ ಕಿಟಕಿಯಿದೆ. ಆದರೆ ದೊಡ್ಡ ಸೂಟ್‌ಕೇಸ್ ಇಡಲು ಜಾಗ ಕಡಿಮೆ, ನೀವೇ ಎಳೆದುಕೊಂಡು ಹೋಗಬೇಕು. ನಮ್ಮ ರೈಲಿನಂತೆ ಕೂಲಿ ಕರೆದು ತಲೆ ಮೇಲೆ ಹೊರಿಸಿ ನಿಶ್ಚಿಂತೆಯಾಗಿ ನಡೆಯುವ ಹಾಗಿಲ್ಲ.

ವಿಮಾನ ಇರುವ ಟೂರ್ ಆದರೆ ಪವರ್ ಬ್ಯಾಂಕ್ ನೋಡಿಕೊಳ್ಳಿ. 2025ರ ಜೂನ್ 28ರಿಂದ ಚೀನಾದ ದೇಶೀಯ ವಿಮಾನಗಳಲ್ಲಿ ಅವರ 3ಸಿ ಎಂಬ ಸುರಕ್ಷತಾ ಗುರುತು ಇಲ್ಲದ ಪವರ್ ಬ್ಯಾಂಕ್ ಒಯ್ಯುವಂತಿಲ್ಲ. ನಮ್ಮ ಊರಿನಲ್ಲಿ ಕೊಂಡದ್ದರಲ್ಲಿ ಆ ಗುರುತು ಇರುವುದು ಅಪರೂಪ.

ಅಗ್ಗದ ಟೂರ್ ಯಾಕೆ ಅಗ್ಗ?

ನನ್ನ ಮೊದಲ ಟೂರ್ ಅಗ್ಗದ್ದು. ಮಹಾಗೋಡೆಗೆ ಹೋಗುವ ದಿನ ಬೆಳಿಗ್ಗೆ ಬಸ್ಸು ಒಂದು ಜೇಡ್ ಅಂಗಡಿಯ ಮುಂದೆ ನಿಂತಿತು. "ಟಾಯ್ಲೆಟ್‌ಗೆ ಇಪ್ಪತ್ತು ನಿಮಿಷ" ಎಂದರು. ಒಂದೂವರೆ ಗಂಟೆ ಆಯಿತು. ಹಸಿರು ಬಳೆ, ಹಸಿರು ಆನೆ, ಹಸಿರು ಎಲೆಕೋಸು. ನಮ್ಮ ಗುಂಪಿನ ಒಬ್ಬರು ಬಳೆ ಕೊಳ್ಳುವವರೆಗೆ ಡ್ರೈವರ್ ಕಾಣಲೇ ಇಲ್ಲ. ಗೋಡೆಯ ಮೇಲೆ ನಮಗೆ ಸಿಕ್ಕಿದ್ದು ಐವತ್ತು ನಿಮಿಷ.

ರೇಷ್ಮೆ, ಮುತ್ತು, ಟೀ, ಕಾಲು ಒತ್ತಿ ನಾಡಿ ನೋಡುವ ಔಷಧಾಲಯ, ಇವೆಲ್ಲ ಅಂಥ ಜಾಗಗಳೇ. ಬಲವಂತದ ಶಾಪಿಂಗ್ ಮತ್ತು ನಂಬಲಾಗದ ಅಗ್ಗದ ಟೂರ್‌ಗಳಿಗೆ ತಡೆ ಹಾಕುವ ಕಾನೂನು ಚೀನಾದಲ್ಲಿ 2013ರ ಅಕ್ಟೋಬರ್‌ನಿಂದ ಇದೆ. ಆದರೆ ಐಟಿನರಿಯಲ್ಲಿ ಮೊದಲೇ ಬರೆದು ನಿಮ್ಮ ಸಹಿ ತೆಗೆದುಕೊಂಡಿದ್ದರೆ ಒಪ್ಪಿದಂತೆಯೇ ಅಲ್ವಾ? ಹಾಗಾಗಿ ಐಟಿನರಿಯನ್ನು ಮದುವೆ ಮಾತುಕತೆಯಂತೆ ಓದಬೇಕು. "ಭೇಟಿ" ಎಂದರೆ ಒಳಗೆ, ಟಿಕೆಟ್ ಸಮೇತ. "ಫೋಟೋ ಸ್ಟಾಪ್" ಎಂದರೆ ಹೊರಗೆ, ಹತ್ತು ನಿಮಿಷ. "ಸಾಂಸ್ಕೃತಿಕ ಕೇಂದ್ರ", "ಸಂಶೋಧನಾ ಕೇಂದ್ರ" ಎಂದರೆ ಅಂಗಡಿ.

ಕೊಟೇಶನ್ ಹೋಲಿಸುವಾಗ ಇವನ್ನೂ ಸೇರಿಸಿ: ವೀಸಾ, ಜಿಎಸ್‌ಟಿ, ಟಿಸಿಎಸ್ (ಟೂರ್ ಕಂಪನಿ ನಿಮ್ಮಿಂದ ಮುಂಗಡವಾಗಿ ವಸೂಲು ಮಾಡುವ ಆದಾಯ ತೆರಿಗೆ), ದಿನದ ಲೆಕ್ಕದ ಟಿಪ್ಸ್, ಕೇಬಲ್ ಕಾರ್, ಆಪ್ಷನಲ್‌ಗಳು, ಮಧ್ಯಾಹ್ನದ ಊಟ. ಟಿಸಿಎಸ್ ರಿಟರ್ನ್ ಹಾಕಿದಾಗ ತೆರಿಗೆಯಲ್ಲಿ ವಜಾ ಆಗುತ್ತದೆ, ಟಿಪ್ಸ್ ಆಗುವುದಿಲ್ಲ. ಚೀನಾದಲ್ಲಿ ಹೋಟೆಲಿನಲ್ಲಿ ಯಾರೂ ಟಿಪ್ಸ್ ಕೇಳುವುದಿಲ್ಲ. ಗ್ರೂಪ್ ಟೂರ್‌ನಲ್ಲಿ ಮಾತ್ರ ಅದು ಕಡ್ಡಾಯ. ಇಷ್ಟನ್ನೂ ಕೂಡಿದರೆ ಅಗ್ಗದ ಟೂರಿಗೂ ಮಧ್ಯಮದ್ದಕ್ಕೂ ಅಂತರ ಎಷ್ಟೋ ಸಲ ಮಾಯವಾಗಿರುತ್ತದೆ.

ವೀಸಾ ಯಾವುದು ಎಂದೂ ಕೇಳಿ. ಗ್ರೂಪ್ ವೀಸಾ ಆದರೆ ಒಂದೇ ಹಾಳೆಯಲ್ಲಿ ಎಲ್ಲರ ಹೆಸರು. ಒಟ್ಟಿಗೆ ಒಳಗೆ, ಒಟ್ಟಿಗೆ ಹೊರಗೆ. ಟೂರ್ ಮುಗಿದ ಮೇಲೆ ಎರಡು ದಿನ ಉಳಿಯುವ ಆಸೆ ಇದ್ದವರಿಗೆ ಬಿಡಿ ವೀಸಾವೇ ಬೇಕು.

ಹೊರಡುವ ಮುಂಚೆ ಮನೆಯಲ್ಲೇ ದುಡ್ಡು ಕೊಡಲು ಬಳಸುವ ಅಲಿಪೇ ಆ್ಯಪ್ ಹಾಕಿ ನಿಮ್ಮ ಕಾರ್ಡ್ ಸೇರಿಸಿಟ್ಟುಕೊಳ್ಳಿ, ಸೋಡಾ ಅಂಗಡಿಯಲ್ಲೂ ಅದೇ ನಡೆಯುತ್ತದೆ. ವಾಟ್ಸಾಪ್, ಗೂಗಲ್, ಯೂಟ್ಯೂಬ್ ಹೋಟೆಲ್ ವೈಫೈಯಲ್ಲಿ ತೆರೆಯುವುದಿಲ್ಲ. ನಮ್ಮ ಸಿಮ್‌ನ ಅಂತರರಾಷ್ಟ್ರೀಯ ರೋಮಿಂಗ್‌ನಲ್ಲಿ ನಡೆಯುತ್ತದೆ. ಮನೆಯವರಿಗೆ ದಿನಾ ವಿಡಿಯೋ ಕಾಲ್ ಮಾಡಲೇಬೇಕು ಎನ್ನುವವರು ಒಬ್ಬರಾದರೂ ರೋಮಿಂಗ್ ಹಾಕಿಸಿಕೊಳ್ಳಿ.

ಹಾಗಾದರೆ ಯಾರಿಗೆ ಯಾವುದು

ಗಟ್ಟಿ ಕಾಲಿನ ನಾಲ್ಕು ಜನ, ಒಂದೇ ಸಲ ಹೋಗುವವರು, 7 ದಿನ: ಬೀಜಿಂಗ್–ಶಾಂಘೈ, ರೈಲಿನಲ್ಲಿ, ಬೀಜಿಂಗ್‌ಗೆ ಮೂರು ರಾತ್ರಿ. ಹಿರಿಯರು ಜೊತೆಗಿದ್ದರೆ ಶಾಂಘೈ–ಸುಝೌ ಸಾಕು, ಗೋಡೆ ನೋಡಲೇಬೇಕೆಂದರೆ ಕೇಬಲ್ ಕಾರ್ ಸಮೇತ ಬೀಜಿಂಗ್ ಎರಡು ರಾತ್ರಿ, ಅರಮನೆಯನ್ನು ಅರ್ಧದಲ್ಲೇ ಬಿಡುವ ಮನಸ್ಸು ಇಟ್ಟುಕೊಂಡು. ಇತಿಹಾಸದ ಹುಚ್ಚಿದ್ದವರು ಮೂರು ಊರಿಗೆ 9 ದಿನ ಹೊಂದಿಸಿಕೊಳ್ಳಿ. ಅಷ್ಟು ರಜೆ ಇಲ್ಲದಿದ್ದರೆ ಶಾಂಘೈ ಬಿಟ್ಟು ಬೀಜಿಂಗ್–ಶಿಯಾನ್ ಮಾಡಿ. ಬಜೆಟ್ ಬಿಗಿಯಾಗಿದ್ದರೆ ಊರು ಕಡಿಮೆ ಮಾಡಿ, ಹೋಟೆಲಿನ ಸ್ಟಾರ್ ಕಡಿಮೆ ಮಾಡಿ, ಆದರೆ ಶಾಪಿಂಗ್ ಸ್ಟಾಪ್ ಇರುವ ಟೂರ್‌ಗೆ ಇಳಿಯಬೇಡಿ.

ಅಕ್ಕನ ಮನೆಯಿಂದ ಹೋಗುವವರು ಐದು ಜನ. ಅವಳು, ಭಾವ, ಇಬ್ಬರು ಮಕ್ಕಳು, ಎಪ್ಪತ್ತು ದಾಟಿದ ಅತ್ತೆ. ಮೊದಲ ಕೊಟೇಶನ್ ಇಟ್ಟುಕೊಂಡು ಉಳಿದೆರಡನ್ನು ಎತ್ತಿಟ್ಟಿದ್ದಾಳೆ. ಒಂದು ರಾತ್ರಿ ಜಾಸ್ತಿ, ಸರ್ಕಸ್ ಶೋ ತೆಗೆದು ಸುಝೌ, ಅಕ್ಟೋಬರ್ ಬದಲು ಸೆಪ್ಟೆಂಬರ್ ಎರಡನೆಯ ವಾರ ಎಂದು ಬರೆದು ಕಳಿಸಿದ್ದಾಳೆ. ಯಾವ ಮಹಾಗೋಡೆ, ಕೇಬಲ್ ಕಾರ್ ಇದೆಯಾ ಎಂಬ ಪ್ರಶ್ನೆಗೆ ಟೂರ್‌ನವರು "ಡೋಂಟ್ ವರಿ ಮೇಡಂ" ಎಂದು ಉತ್ತರ ಕೊಟ್ಟಿದ್ದಾರಂತೆ. ಅತ್ತೆಯ ಮಂಡಿಯ ಎಕ್ಸ್-ರೇ ಕಳಿಸಿ ಮತ್ತೆ ಕೇಳು ಅಂದಿದ್ದೇನೆ.